ಜೀವವಿಕಾಸವೂ ಪರಲೋಕದ ನಂಬಿಕೆಯೂ

ಕಾಲೇಜಿನಲ್ಲಿ ಜೀವವಿಕಾಸದ ಪಾಠವನ್ನು ಕೇಳಿದ ವಿದ್ಯಾರ್ಥಿಯು ಮನೆಯಲ್ಲಿ ತಾತನ ಶ್ರಾದ್ಧದ ದಿನ ಪಿಂಡಕ್ಕೆ ಕೈಮುಗಿಯುವಾಗ, ಅವನ ಮನಸ್ಸಿನಲ್ಲಿ ಒಂದು ಸಂದೇಹವು ಏಳದಿರದು. ಮನುಷ್ಯನು ಇತರ ಪ್ರಾಣಿಗಳಂತೆಯೇ ಕ್ರಮಕ್ರಮವಾಗಿ ವಿಕಾಸ ಹೊಂದಿದವನಾದರೆ, ಸತ್ತ ಮೇಲೂ ಉಳಿಯುವ ಆತ್ಮವು ಅವನಿಗೆ ಎಲ್ಲಿಂದ ಬಂದಿತು? ಎರಡರಲ್ಲಿ ಒಂದನ್ನು ಕೈಬಿಡಲೇಬೇಕೆ?

ಪ್ರಶ್ನೆಯು ಹೊಸದಲ್ಲ. ವಿಕಾಸವಾದದ ಜನಕರಿಬ್ಬರ ನಡುವೆಯೇ ಇದು ಭಿನ್ನಾಭಿಪ್ರಾಯವನ್ನು ತಂದಿತು. ನಿಸರ್ಗದ ಆಯ್ಕೆಯ ತತ್ತ್ವವನ್ನು ಚಾರ್ಲ್ಸ್ ಡಾರ್ವಿನ್ನರೂ ಆಲ್‌ಫ್ರೆಡ್ ರಸೆಲ್ ವಾಲೇಸರೂ ಸ್ವತಂತ್ರವಾಗಿಯೇ ಕಂಡುಕೊಂಡಿದ್ದರು. 1858ರ ಜುಲೈ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಇಬ್ಬರ ಬರೆಹಗಳನ್ನೂ ಒಟ್ಟಿಗೆ ಓದಲಾಯಿತು. ಮುಂದೆ ವಾಲೇಸರು ಮೃತರ ಆತ್ಮಗಳೊಡನೆ ಮಾತನಾಡಬಹುದೆಂಬ ಪಂಥಕ್ಕೆ ಒಲಿದರು. ಮನುಷ್ಯನ ಮಿದುಳು ಆದಿಕಾಲದ ಬದುಕಿಗೆ ಬೇಕಾದುದಕ್ಕಿಂತ ಬಹಳ ಹೆಚ್ಚಿನದು, ನಿಸರ್ಗದ ಆಯ್ಕೆಯೊಂದರಿಂದಲೇ ಅದು ಉಂಟಾಗಲಾರದು, ಯಾವುದೋ ಉನ್ನತ ಚೇತನವು ಅದನ್ನು ನಡೆಸಿರಬೇಕು ಎಂದು 1869ರಲ್ಲಿ ವಾದಿಸಿದರು. ಡಾರ್ವಿನ್ನರಿಗೆ ಇದರಿಂದ ಬಹಳ ನೋವಾಯಿತು.

ನಮ್ಮ ಅಭಿಪ್ರಾಯದಲ್ಲಿ ವಾಲೇಸರು ಎಡವಿದುದು ಪರಲೋಕವನ್ನು ನಂಬಿದುದರಿಂದಲ್ಲ. ವಿಜ್ಞಾನಕ್ಕೆ ಅಂದು ತಿಳಿಯದಿದ್ದ ಎಡೆಯಲ್ಲಿ ಆತ್ಮವನ್ನು ಕುಳ್ಳಿರಿಸಿದುದರಿಂದ. ಅಂತಹ ಎಡೆಯು ದಿನೇ ದಿನೇ ಕಿರಿದಾಗುತ್ತದೆ. 1974ರಲ್ಲಿ ಇಥಿಯೋಪಿಯದಲ್ಲಿ ದೊರೆತ, ಸುಮಾರು 32 ಲಕ್ಷ ವರ್ಷಗಳ ಹಿಂದಿನ ‘ಲೂಸಿ’ಯು ಎರಡು ಕಾಲಿನ ಮೇಲೆ ನಡೆಯುತ್ತಿದ್ದಳು; ಆದರೆ ಅವಳ ಜಾತಿಯವರ ಮಿದುಳು ನಮ್ಮದರ ಮೂರನೆಯ ಒಂದು ಪಾಲಿನಷ್ಟೇ. ಅನಂತರ ಬಂದ ಹೋಮೋ ಎರೆಕ್ಟಸ್ ಜಾತಿಯ ಮಿದುಳು ಇವೆರಡರ ನಡುವಣ ಗಾತ್ರದ್ದು. ಇಲ್ಲಿ ಆತ್ಮವು ಪ್ರವೇಶಿಸಿತೆಂದು ಗೆರೆಯೆಳೆದು ತೋರಿಸಲು ಬರುವಂತಿಲ್ಲ.

ಹಾಗೆಂದ ಮಾತ್ರಕ್ಕೆ ಆತ್ಮವಿಲ್ಲವೆಂದು ಸಿದ್ಧವಾಯಿತೆ? ಇಲ್ಲ. ಗರ್ಭದಲ್ಲಿ ಕ್ರಮವಾಗಿ ಬೆಳೆಯುವ ಶಿಶುವು ಯಾವ ಗಳಿಗೆಯಲ್ಲಿ ಅಮರವಾಗುವುದೆಂದು ತಿಳಿಯದಿದ್ದರೂ ಆಸ್ತಿಕರು ಕಳವಳಪಡುವುದಿಲ್ಲ. ಜೀವಜಾತಿಗಳ ಬೆಳವಣಿಗೆಯಲ್ಲಿ ಅದು ತಿಳಿಯದಿದ್ದುದಕ್ಕೂ ಕಳವಳಪಡಬೇಕಾಗಿಲ್ಲವೆಂದು ಡಾರ್ವಿನ್ನರೇ 1871ರ ತಮ್ಮ ಗ್ರಂಥದಲ್ಲಿ ಸೂಚಿಸಿದರು.

ಸಕಲ ಜೀವಿಗಳಲ್ಲಿಯೂ ಆತ್ಮವನ್ನು ಕಾಣುವ ಜೈನಾದಿ ದರ್ಶನಗಳಿಗೆ ಈ ಗೆರೆಯ ತೊಡಕು ಅಷ್ಟಾಗಿಲ್ಲ. ಆದರೆ ಅಷ್ಟರಿಂದಲೇ, ದಶಾವತಾರವೇ ವಿಕಾಸವಾದವೆಂದೂ ಪುನರ್ಜನ್ಮವನ್ನು ವಿಜ್ಞಾನವು ಒಪ್ಪಿದೆಯೆಂದೂ ಹೆಮ್ಮೆಪಡುವುದು ವಾಲೇಸರ ತಪ್ಪಿನ ಇನ್ನೊಂದು ರೂಪ.

ನಂಬುವವರು ಎದುರಿಸಬೇಕಾದ ನಿಜವಾದ ಪ್ರಶ್ನೆ ಬೇರೊಂದಿದೆ. ಮಿದುಳಿಗೆ ಪೆಟ್ಟು ಬಿದ್ದರೆ ನೆನಪು ಅಳಿಯಬಹುದು, ಸ್ವಭಾವವೂ ಬದಲಾಗಬಹುದು. ಹೀಗಿರುವಾಗ ಮಿದುಳು ಮಣ್ಣಾದ ಮೇಲೆ ಉಳಿಯುವುದು ಏನು? ಇದಕ್ಕೆ ಉತ್ತರ ಹೇಳುವ ಹೊಣೆ ವಿಕಾಸವಾದದ್ದಲ್ಲ, ನಂಬುವವರದು. ಆ ಉತ್ತರವನ್ನು ಹುಡುಕುತ್ತಲೇ ವಿದ್ಯಾರ್ಥಿಯು ಪಿಂಡಕ್ಕೆ ಕೈಮುಗಿಯಬಹುದು. ಆದರೆ ಅದಕ್ಕಾಗಿ ಲೂಸಿಯ ಮೂಳೆಗಳಿಗೆ ಕಣ್ಣು ಮುಚ್ಚಬಾರದು.