ಸಾಕುವವನಿಗೆ ಅರ್ಜಿ, ಮಾರುವವನಿಗೆ?

ಬಕ್ರೀದ್ ರಜೆಗೆ ಮಾಮು ಮನೆಗೆ ಹೋಗಿದ್ದೆ. ಅಲ್ಲಿ ನೆಂಟರಿಗಿಂತ ಹೆಚ್ಚು ಮರ್ಯಾದೆ ಸಿಗುತ್ತಿದ್ದದ್ದು ಹಾಲ್‌ನ ಮೂಲೆಯಲ್ಲಿದ್ದ ಒಂದು ಇಗ್ವಾನಾಗೆ. ಒಂದೂವರೆ ವರ್ಷದ ಹಿಂದೆ ಭಾಯಿ (ಮಾಮುವಿನ ದೊಡ್ಡ ಮಗ) ಅದನ್ನು ಬೆಂಗಳೂರಿನ ಒಂದು ಅಂಗಡಿಯಿಂದ ತಂದಾಗ ಅಂಗೈ ಮೇಲೆ ಕೂರುವಷ್ಟಿತ್ತಂತೆ. ಈಗ ಬಾಲ ಸೇರಿ ಮೂರು ಅಡಿ. ಬೆಳೆದರೆ ಐದಾರು ಅಡಿಯೂ ಆಗಬಹುದು ಎಂದು ನಾನು ಹೇಳಿದಾಗ ಮಾಮಿ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. ಅಂಗಡಿಯವನು ಅದನ್ನು ಹೇಳಿರಲಿಲ್ಲ. ಅದಕ್ಕೆ ವಿಶೇಷ ಯುವಿ ದೀಪ ಬೇಕು, ಇಲ್ಲದಿದ್ದರೆ ಮೂಳೆ ಬಗ್ಗಿ ಹೋಗುತ್ತದೆ, ಹತ್ತು ಹದಿನೈದು ವರ್ಷ ಬದುಕುತ್ತದೆ ಎಂಬುದನ್ನೂ ಹೇಳಿರಲಿಲ್ಲ. ರಶೀದಿಯನ್ನಂತೂ ಕೊಟ್ಟೇ ಇರಲಿಲ್ಲ.

ಈಗ ಭಾಯಿಗೆ ಭಯ ಹಿಡಿದಿದೆ. ಪಕ್ಕದ ಮನೆಯವರು 'ಇವರು ಉಡ ಸಾಕಿದ್ದಾರೆ' ಎಂದು ಬೀದಿಯೆಲ್ಲಾ ಹೇಳಿದ್ದಾರೆ. ಉಡ ನಮ್ಮ ನಾಡಿನ ಪ್ರಾಣಿ, ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. ಅದನ್ನು ಮನೆಯಲ್ಲಿ ಇಟ್ಟುಕೊಂಡರೆ ಮೂರರಿಂದ ಏಳು ವರ್ಷ ಜೈಲು. ನಕ್ಷತ್ರ ಆಮೆಗೂ ಹೆಬ್ಬಾವಿಗೂ ಇದೇ ನಿಯಮ. ಇಗ್ವಾನಾ ಅಮೆರಿಕ ಖಂಡದ್ದು, ಅದರ ದಾರಿ ಬೇರೆ.

ಆ ದಾರಿ ಯಾವುದೆಂದು ಹುಡುಕಲು ನನಗೆ ಎರಡು ರಾತ್ರಿ ಬೇಕಾಯಿತು. 1972ರ ಕಾಯ್ದೆ ವಿದೇಶಿ ಪ್ರಾಣಿಗಳನ್ನು ಬಹುಕಾಲ ಹೆಚ್ಚೇನೂ ಗಮನಿಸಿರಲಿಲ್ಲ. 2022ರ ತಿದ್ದುಪಡಿಯಲ್ಲಿ ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯನ್ನು ನಾಲ್ಕನೇ ಅನುಸೂಚಿಯಾಗಿ ಸೇರಿಸಿದರು. ಇಗ್ವಾನಾ, ಬಾಲ್ ಪೈಥಾನ್ ಎಲ್ಲ ಅದರೊಳಗೆ ಬಂದವು. 2024ರ ಫೆಬ್ರುವರಿಯಲ್ಲಿ ನೋಂದಣಿ ನಿಯಮ ಬಂತು. ಆಗಲೇ ಸಾಕುತ್ತಿದ್ದವರಿಗೆ ಆರು ತಿಂಗಳು, ಆಮೇಲೆ ಕೊಂಡವರಿಗೆ ಮೂವತ್ತು ದಿನ. ಪರಿವೇಶ್ ಪೋರ್ಟಲ್‌ನಲ್ಲಿ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಹಾಕಬೇಕು. ಭಾಯಿಯ ಮೂವತ್ತು ದಿನ ಯಾವತ್ತೋ ಮುಗಿದಿದೆ. ಅಂಥದ್ದೊಂದು ಪೋರ್ಟಲ್ ಇದೆ ಎಂದೇ ಅವನಿಗೆ ಗೊತ್ತಿರಲಿಲ್ಲ.

ಕಾನೂನು ಬೇಡ ಎನ್ನುವವಳಲ್ಲ ನಾನು. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದ ಬ್ಯಾಗುಗಳಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಸಿಕ್ಕಿದ್ದವು. ಜೊತೆಗಿದ್ದ ಆರು ಕೋತಿಗಳು ಸತ್ತಿದ್ದವು. ನಾವು ಅಂಗಡಿಯಲ್ಲಿ 'ಎಷ್ಟು ಮುದ್ದಾಗಿದೆ' ಎಂದು ಕೊಳ್ಳುವ ಮರಿ ಯಾವ ಬ್ಯಾಗಿನಿಂದ ಬಂದಿದೆಯೋ ಯಾರಿಗೆ ಗೊತ್ತು? ತರಿಸುವವನಿಗೆ ಆಮದು ಲೈಸೆನ್ಸ್ ಬೇಕೆಂಬ ನಿಯಮ ಸರಿಯಾಗಿಯೇ ಇದೆ.

ನನ್ನ ತಕರಾರು ಬೇರೆ. ಮೊಬೈಲ್ ಸಿಮ್ ಕೊಳ್ಳುವಾಗ ಅಂಗಡಿಯವನೇ ಆಧಾರ್ ಕೇಳಿ, ಫೋಟೊ ತೆಗೆದು, ಹೆಸರು ದಾಖಲಿಸಿಯೇ ಕೊಡುತ್ತಾನೆ. ಐದು ಅಡಿ ಬೆಳೆಯುವ ಪ್ರಾಣಿಯನ್ನು ಮಾತ್ರ ರಟ್ಟಿನ ಡಬ್ಬಿಯಲ್ಲಿ ಹಾಕಿ, ದುಡ್ಡು ಎಣಿಸಿ ಕೈಗಿಡುತ್ತಾನೆ. ಸಾಕುಪ್ರಾಣಿ ಅಂಗಡಿಗಳೂ ನೋಂದಣಿ ಮಾಡಿಸಿಕೊಳ್ಳಬೇಕೆಂದು 2018ರಲ್ಲೇ ನಿಯಮ ಬಂದಿದೆ. ಹಾಗಿದ್ದ ಮೇಲೆ, ನೋಂದಣಿ ಅರ್ಜಿ ಸಲ್ಲಿಸಿದ ಮೇಲೆಯೇ ಪ್ರಾಣಿಯನ್ನು ಹಸ್ತಾಂತರಿಸಬೇಕು ಎಂದು ಯಾಕೆ ಮಾಡಬಾರದು? ಆ ಅರ್ಜಿಯಲ್ಲಿ 'ಇದು ಇಷ್ಟು ಉದ್ದ ಬೆಳೆಯುತ್ತದೆ, ಇಷ್ಟು ವರ್ಷ ಬದುಕುತ್ತದೆ' ಎಂದು ಕನ್ನಡದಲ್ಲಿ ಎರಡು ಸಾಲು ಇದ್ದರೆ ಅರ್ಧ ಜನ ಅಲ್ಲಿಂದಲೇ ವಾಪಸ್ ಬರುತ್ತಾರೆ. ಭಾಯಿಯಂತೂ ಬರುತ್ತಿದ್ದ, ಮಾಮಿಗೆ ಅಷ್ಟು ಹೆದರುತ್ತಾನೆ.

ಇನ್ನೊಂದು, ತಡವಾದವರ ವಿಷಯ. ದಂಡ ಒಂದು ಲಕ್ಷದವರೆಗೆ ಹೋಗಬಹುದು ಎಂದು ಓದಿದ ದಿನ ಭಾಯಿ ಹೇಳಿದ್ದು, 'ರಾತ್ರಿ ಕೆರೆ ಏರಿ ಮೇಲೆ ಬಿಟ್ಟು ಬಂದರೆ?' ಅವನು ಕೆಟ್ಟವನಲ್ಲ, ಹೆದರಿದ್ದಾನೆ ಅಷ್ಟೆ. ಆದರೆ ಅಮೆರಿಕದ ಫ್ಲಾರಿಡಾದಲ್ಲಿ ಆದದ್ದು ಹೀಗೆಯೇ. ಸಾಕಿದವರು ಬಿಟ್ಟ, ತಪ್ಪಿಸಿಕೊಂಡ ಬರ್ಮಾ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬೀಡುಬಿಟ್ಟು ಅಲ್ಲಿನ ಮೊಲ, ರಕೂನ್‌ಗಳನ್ನು ತಿಂದು ಮುಗಿಸುತ್ತಿವೆ. ಹಸಿರು ಇಗ್ವಾನಾಗಳೂ ಅಲ್ಲಿ ತೋಟ, ಕಾಲುವೆ ದಂಡೆ ಹಾಳು ಮಾಡುತ್ತಿವೆ. ಹೊಸದಾಗಿ ಸಾಕುವುದನ್ನು 2021ರಲ್ಲಿ ಆ ರಾಜ್ಯ ನಿಲ್ಲಿಸಿತು. ಅಷ್ಟರಲ್ಲಿ ತಡವಾಗಿತ್ತು.

2020ರಲ್ಲಿ ನಮ್ಮ ಕೇಂದ್ರ ಸರ್ಕಾರ ಸ್ವಯಂ ಘೋಷಣೆಗೆ ಅವಕಾಶ ಕೊಟ್ಟಿತ್ತು. ಗಡುವಿನೊಳಗೆ ತಿಳಿಸಿದವರಿಂದ ದಾಖಲೆ ಕೇಳಿರಲಿಲ್ಲ. ಅಂಥದ್ದೊಂದು ಬಾಗಿಲು ಮತ್ತೆ ತೆರೆಯಬೇಕು. ಕಳ್ಳಸಾಗಣೆ ಮಾಡಿದವರು ಅದರಲ್ಲೇ ನುಸುಳುತ್ತಾರೆ ಎಂದು ನಮ್ಮ ಜೀವಶಾಸ್ತ್ರ ಉಪನ್ಯಾಸಕರು ಹೇಳಿದರು. ನಿಜ. ಹಾಗಾದರೆ ಮನೆಗೆ ಒಂದೋ ಎರಡೋ ಎಂದು ಮಿತಿ ಹಾಕಲಿ, ಘೋಷಿಸಿದ್ದನ್ನು ಮಾರುವಂತಿಲ್ಲ ಎನ್ನಲಿ. ಸಾಕಲಾಗದವರು ಒಪ್ಪಿಸಲು ಬಂದಾಗ ಮೊದಲ ಪ್ರಶ್ನೆ 'ಎಲ್ಲಿಂದ ಕೊಂಡೆ?' ಎಂದಿರಲಿ, 'ಯಾಕೆ ಇಟ್ಟುಕೊಂಡೆ?' ಎಂದಲ್ಲ.

ಕೆರೆಯ ಮಾತನ್ನು ಭಾಯಿ ಬಿಟ್ಟಿದ್ದಾನೆ. ಶನಿವಾರ ಮಾಮು ಜೊತೆ ಅರಣ್ಯ ಇಲಾಖೆ ಕಚೇರಿಗೆ ಹೋಗುತ್ತಾನಂತೆ. ಅರ್ಜಿ ಬರೆದುಕೊಡುವ ಕೆಲಸ ನನ್ನ ತಲೆಗೆ ಬಂದಿದೆ. ಅಂಗಡಿಯ ವಿಳಾಸವನ್ನೂ ಬರೆಯಬೇಕು ಎಂದೆ. ಆ ಕಡೆಯಿಂದ ಇನ್ನೂ ಉತ್ತರ ಬಂದಿಲ್ಲ.