ಬಿಸ್ಕತ್ತಿನ ಪರಿಮಳವೂ ಬದುಕಿನ ಅರ್ಥವೂ

ಪಿಕ್ಸಾರ್‌ನ ‘ಸೋಲ್’ ಚಿತ್ರ 2020ರ ಡಿಸೆಂಬರ್ 25ರಂದು ಚಿತ್ರಮಂದಿರದ ಬದಲು ನೇರವಾಗಿ ಮನೆಯ ಪರದೆಗೆ ಬಂತು. ಮುಂಬಯಿಯ ಲೋಕಲ್ ರೈಲು ಆಗ ಎಲ್ಲರಿಗೂ ತೆರೆದಿರಲಿಲ್ಲ. ಸಾಮಾನ್ಯ ಪ್ರಯಾಣಿಕರು 2021ರ ಫೆಬ್ರವರಿ 1ರವರೆಗೆ ಕಾಯಬೇಕಾಯಿತು, ಆಮೇಲೂ ಹತ್ತಬಹುದಾದದ್ದು ನಿಗದಿತ ವೇಳೆಯಲ್ಲಿ ಮಾತ್ರ. ವಿಲೆ ಪಾರ್ಲೆಯ ಫ್ಲಾಟುಗಳಲ್ಲಿ ಮನೆಯಿಂದಲೇ ಕೆಲಸ ಮಾಡಬಲ್ಲವರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಚಿತ್ರ ನೋಡಿದರು, ಕಣ್ಣೊರೆಸಿಕೊಂಡರು. ಬದುಕಿಗೆ ದೊಡ್ಡ ಗುರಿ ಬೇಕಿಲ್ಲ, ಸಣ್ಣಪುಟ್ಟ ಸುಖಗಳನ್ನು ಸವಿದರೆ ಸಾಕು ಎಂದುಕೊಂಡರು. ಅಂದಿನಿಂದ ಈ ಚಿತ್ರದ ಮಾತು ಬಂದಲ್ಲೆಲ್ಲ ಇದೇ ಸಾರಾಂಶ ಕೇಳಿಬರುತ್ತದೆ.

ಈ ಸಾರಾಂಶ ತಪ್ಪು. ಆದರೆ ಹಾಯಾದ ತಪ್ಪು, ಅದಕ್ಕೇ ಇಷ್ಟು ದಿನ ಬಾಳಿದೆ.

ಪೀಟ್ ಡಾಕ್ಟರ್ ಮತ್ತು ಕೆಂಪ್ ಪವರ್ಸ್ ಹೇಳಿದ ಕಥೆಯನ್ನೇ ನೋಡಬೇಕು. ನ್ಯೂಯಾರ್ಕಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಬ್ಯಾಂಡ್ ಕಲಿಸುವ ಜೋ ಗಾರ್ಡ್ನರ್‌ಗೆ ಕೆಲಸ ಕಾಯಂ ಆಗುತ್ತದೆ. ಪಿಂಚಣಿ, ಆರೋಗ್ಯವಿಮೆ ಎಲ್ಲ ಉಂಟು. ಅವನಿಗೆ ಬೇಕಾದದ್ದು ಮಾತ್ರ ಜಾಝ್ ಪಿಯಾನೋ. ದರ್ಜಿ ಅಂಗಡಿ ನಡೆಸುವ ತಾಯಿ ಕಾಯಂ ಕೆಲಸ ಬಿಡಬೇಡ ಎನ್ನುತ್ತಾಳೆ. ಸಂಗೀತಗಾರನಾಗಿದ್ದ ಅವಳ ಗಂಡನ ಕನಸಿನ ಖರ್ಚನ್ನು ವರ್ಷಗಟ್ಟಲೆ ಹೊತ್ತದ್ದು ಅವಳ ಆ ಅಂಗಡಿಯೇ. ಅಂದರೆ ಚಿತ್ರ ಆತ್ಮಲೋಕಕ್ಕೆ ಹಾರುವ ಮೊದಲೇ ಅನ್ನದ ಲೆಕ್ಕ ಹೇಳಿ ಮುಗಿಸಿರುತ್ತದೆ. ಸಾರಾಂಶ ಹೇಳುವವರಿಗೆ ಮೇಪಲ್ ಮರದ ಬೀಜ, ಪಿಜ್ಜಾ ತುಣುಕು ನೆನಪಿರುತ್ತವೆ. ಈ ತಾಯಿ ನೆನಪಿರುವುದಿಲ್ಲ.

ಕ್ಷೌರಿಕ ಡೆಜ್‌ನ ಗತಿಯೂ ಅದೇ. ಅವನು ಪಶುವೈದ್ಯನಾಗಬೇಕೆಂದಿದ್ದ. ಮಗಳು ಕಾಯಿಲೆ ಬಿದ್ದಳು, ಕ್ಷೌರ ಕಲಿಯುವ ಖರ್ಚು ಪಶುವೈದ್ಯಕ್ಕಿಂತ ಕಡಿಮೆಯಿತ್ತು. ಈಗ ತಾನು ಸುಖಿ ಎಂದು ಅವನೇ ಹೇಳುತ್ತಾನೆ, ಅದನ್ನು ನಂಬಲೂಬೇಕು. ಆದರೆ ಚಿತ್ರವನ್ನು ಮೆಚ್ಚಿದವರು ಅವನ ಸಂತೃಪ್ತಿಯನ್ನಷ್ಟೇ ಎತ್ತಿಕೊಂಡು ಮಗಳ ಔಷಧಿಯ ಬಿಲ್ಲನ್ನು ಅಲ್ಲೇ ಬಿಟ್ಟುಬರುತ್ತಾರೆ.

ಸಣ್ಣ ಸುಖ ಎಂದರೇನೆಂದು ವಿಲೆ ಪಾರ್ಲೆಗೆ ಯಾರೂ ಕಲಿಸಬೇಕಾಗಿಲ್ಲ. ಪಾರ್ಲೆ ಕಂಪನಿ ಇಲ್ಲಿ ಕಾರ್ಖಾನೆ ಹಾಕಿದ್ದು 1929ರಲ್ಲಿ. ಬಿಸ್ಕತ್ತು ಮಾಡತೊಡಗಿದ್ದು 1939ರಲ್ಲಿ. ರೈಲು ನಿಲ್ದಾಣ ಸಮೀಪಿಸಿದಾಗ ಬರುತ್ತಿದ್ದ ಆ ಬೆಂದ ಹಿಟ್ಟಿನ, ಸಕ್ಕರೆಯ ಪರಿಮಳವೇ ಎಷ್ಟೋ ಪ್ರಯಾಣಿಕರಿಗೆ ಇಳಿಯುವ ಸೂಚನೆ. 2016ರಲ್ಲಿ ಕಾರ್ಖಾನೆ ಮುಚ್ಚಿದಾಗ ಜನ ಬರೆದದ್ದು, ಹಂಬಲಿಸಿದ್ದು ಹೆಚ್ಚಾಗಿ ಆ ಪರಿಮಳವನ್ನೇ. ರೈಲಿನ ಕಿಟಕಿಗೆ ಪರಿಮಳವಾಗಿ ಬಂದದ್ದು ಒಲೆಯ ಮುಂದೆ ನಿಂತವನಿಗೆ ಪಾಳಿ, ಸೆಖೆ, ಸಂಬಳ. ಪರಿಮಳ ಹೋಯಿತೆಂದು ಮರುಗುವುದು ತಪ್ಪಲ್ಲ. ಸಂಬಳ ಹೋದವನಿಗೂ ಅಷ್ಟೇ ಹೋಯಿತು ಎಂದುಕೊಳ್ಳುವುದು ತಪ್ಪು. ‘ಸೋಲ್’ ಬಗ್ಗೆ ಬಂದ ಮೆಚ್ಚುಗೆಯಲ್ಲಿ ಬಹುಪಾಲು ರೈಲಿನ ಕಿಟಕಿಯಿಂದ ಬಂದದ್ದು.

ಇನ್ನೊಂದು ವಿಚಿತ್ರ ನಡೆಯುವುದು ಚಿತ್ರ ಮುಗಿದ ಮೇಲೆ. ಪಶ್ಚಿಮ ಪಾರ್ಲೆಯ ಒಂದೇ ಸುತ್ತಿನಲ್ಲಿ ಮೀಠೀಬಾಯಿ, ಎನ್‌ಎಂ ಕಾಲೇಜು, ಸಂಘ್ವಿ ಇಂಜಿನಿಯರಿಂಗ್ ಕಾಲೇಜು, ನರ್ಸೀ ಮೋಂಜಿ ಮ್ಯಾನೇಜ್‌ಮೆಂಟ್ ಸಂಸ್ಥೆಗಳಿವೆ, ಅವುಗಳ ನೆರಳಿನಲ್ಲಿ ಕೋಚಿಂಗ್ ಕ್ಲಾಸುಗಳಿವೆ. ಗುರಿ ಬೇಕಿಲ್ಲ ಎಂದು ರಾತ್ರಿ ಕಣ್ಣೊರೆಸಿಕೊಂಡ ಮನೆ ಬೆಳಿಗ್ಗೆ ಮಗುವನ್ನು ಕೇಳುತ್ತದೆ: “ನಿನ್ನ ಪ್ಯಾಶನ್ ಏನು?” ಹಿಂದಿನವರು ಡಾಕ್ಟರೋ ಇಂಜಿನಿಯರೋ ಎಂದಷ್ಟೇ ಕೇಳುತ್ತಿದ್ದರು. ಈಗ ಓದಿನ ಜೊತೆಗೆ ಒಂದು ಒಲವನ್ನೂ ಮಗು ಸಾಬೀತುಪಡಿಸಬೇಕು. ಕೊಳಲಿಗೂ ಚದುರಂಗಕ್ಕೂ ಪ್ರಮಾಣಪತ್ರ ಬೇಕು. ಚಿತ್ರದಲ್ಲಿ 22 ಎಂಬ ಆತ್ಮಕ್ಕೆ ಆಗುವುದೂ ಇದೇ. ಮದರ್ ತೆರೇಸಾ, ಕೊಪರ್ನಿಕಸ್, ಮುಹಮ್ಮದ್ ಅಲಿಯಂಥವರು ಬಂದು ಪಾಠ ಹೇಳಿದರೂ ಅದಕ್ಕೆ ‘ಕಿಡಿ’ ಸಿಗುವುದಿಲ್ಲ. ಕಿಡಿ ಎಂದರೆ ಗುರಿ ಎಂದು ಜೋ ತಿಳಿದದ್ದೇ ತಪ್ಪಾಗಿತ್ತೆಂದು ಕೊನೆಗೆ ಗೊತ್ತಾಗುತ್ತದೆ. ಮಗುವಿನ ಯೋಗ್ಯತೆಯನ್ನು ಅದರ ಗುರಿಯಿಂದ ಅಳೆಯುವವರಿಗೆ ಚಿತ್ರ ಹಾಕಿದ ಛೀಮಾರಿ ಇದು. ಅಳೆಯುವವರು ಅದನ್ನು ಸಾಂತ್ವನವೆಂದು ಕೇಳಿಸಿಕೊಂಡರು.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಬಡವನಿಗೆ ಸಣ್ಣ ಸುಖವಿಲ್ಲವೇ, ಎಲ್ಲವನ್ನೂ ಕೂಲಿಯ ಲೆಕ್ಕಕ್ಕೆ ಇಳಿಸುವುದು ಅವನಿಗೇ ಅವಮಾನವಲ್ಲವೇ ಎಂದು ಕೇಳಬಹುದು. ಖಂಡಿತ ಅವನಿಗೂ ಸುಖವಿದೆ. ಆದರೆ ಸಾಕು ಎನ್ನುವ ಹಕ್ಕು ಅವನದು, ಅವನ ದುಡಿಮೆಯಿಂದ ಲಾಭ ಪಡೆಯುವವರದ್ದಲ್ಲ. ಮುಂಬಯಿ ಕನ್ನಡಿಗರಿಗೆ ಇದು ಚೆನ್ನಾಗಿ ಗೊತ್ತು. ತುಳುನಾಡಿನಿಂದ ಬಂದ ಹುಡುಗರು ಉಡುಪಿ ಹೋಟೆಲುಗಳಲ್ಲಿ ಹಗಲೆಲ್ಲ ಟೇಬಲ್ ಒರೆಸಿ, ಲೋಟ ತೊಳೆದು ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದರು. ಶಾಲೆ ನಡೆಸಿದ ಸಂಘಗಳ ಹಿರಿಯರು ಅವರಿಗೆ ಸಾಂಬಾರಿನ ಘಮವನ್ನು ಸವಿದು ಸುಖವಾಗಿರಿ ಎನ್ನಲಿಲ್ಲ. ಬೆಂಚು, ದೀಪ, ಮೇಷ್ಟ್ರು ಒದಗಿಸಿದರು. ಅಲ್ಲಿ ಕಲಿತವರೆಲ್ಲ ದೊಡ್ಡವರಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಆಯ್ಕೆಯೊಂದು ಅವರ ಕೈಗೆ ಬಂತು. ಆಯ್ಕೆ ಇದ್ದವನು ಸಾಕು ಎಂದರೆ ಅದು ತೃಪ್ತಿ. ಇಲ್ಲದವನಿಂದ ಹೇಳಿಸಿದರೆ ಅದು ಶಿಸ್ತು.

ಚಿತ್ರವೂ ಪೂರ್ತಿ ನಿರ್ದೋಷಿಯಲ್ಲ. ಕನಸಿನ ಕಛೇರಿ ಮುಗಿಸಿ ಬಂದ ಜೋ ಮುಂದೇನು ಎಂದು ಕೇಳಿದಾಗ, ನಾಳೆ ರಾತ್ರಿ ಬಂದು ಮತ್ತೆ ಇದನ್ನೇ ನುಡಿಸುವುದು ಎಂಬ ಉತ್ತರ ಬರುತ್ತದೆ. ಇಡೀ ಚಿತ್ರದಲ್ಲಿ ಇಷ್ಟು ದಿಟವಾದ ದೃಶ್ಯ ಇನ್ನೊಂದಿಲ್ಲ. ಆದರೆ ಕೊನೆಯಲ್ಲಿ ಜೋಗೆ ಬದುಕು ಮತ್ತೆ ಉಡುಗೊರೆಯಾಗಿ ಸಿಗುತ್ತದೆ, ಅವನು ಬಾಗಿಲಾಚೆ ಬಂದು ನಿಂತು ಉಸಿರೆಳೆದುಕೊಳ್ಳುತ್ತಾನೆ, ಕಥೆ ಮುಗಿಯುತ್ತದೆ. ಶಾಲೆಯ ಕಾಯಂ ಕೆಲಸ ಒಪ್ಪಿದನೋ ಇಲ್ಲವೋ, ತಾಯಿಯ ಅಂಗಡಿ ಇನ್ನೆಷ್ಟು ವರ್ಷ ಅವನನ್ನು ಸಾಕಬೇಕೋ, ಚಿತ್ರ ಹೇಳುವುದಿಲ್ಲ. ಮೊದಲ ಹತ್ತು ನಿಮಿಷದಲ್ಲಿ ಎತ್ತಿದ ಪ್ರಶ್ನೆಯನ್ನು ಅದು ಕೊನೆಯ ಹತ್ತು ನಿಮಿಷದಲ್ಲಿ ಕೈಬಿಟ್ಟಿತು. ಸುಲಭದ ಸಾರಾಂಶ ಒಳನುಗ್ಗಿದ್ದು ಆ ಸಂದಿನಿಂದ. 2021ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರ ಮತ್ತು ಅತ್ಯುತ್ತಮ ಸಂಗೀತ, ಎರಡಕ್ಕೂ ಆಸ್ಕರ್ ಬಂದರೂ ಆ ಸಂದು ಮುಚ್ಚಿಲ್ಲ.

ಮಕ್ಕಳಿಗೆ ಈ ಚಿತ್ರ ತೋರಿಸಬಾರದೆಂದಲ್ಲ, ತೋರಿಸಲೇಬೇಕು. ಆದರೆ ಮುಗಿದ ಮೇಲೆ ಯಾರು ಸುಖವಾಗಿದ್ದರು ಎಂದಷ್ಟೇ ಕೇಳಿ ಟಿವಿ ಆರಿಸುವುದು ಬೇಡ. ಡೆಜ್ ಯಾಕೆ ಪಶುವೈದ್ಯನಾಗಲಿಲ್ಲ ಎಂದೂ ಕೇಳಲಿ. ಮಕ್ಕಳಿಗೆ ಉತ್ತರ ಗೊತ್ತಿರುತ್ತದೆ: ದುಡ್ಡಿರಲಿಲ್ಲ. ಬದುಕಿನ ಅರ್ಥದ ಮಾತನ್ನು ಅಲ್ಲಿಂದ ಶುರುಮಾಡಬಹುದು.