ತ್ಯಾಗವೆಂಬ ಹೆಸರಿನ ಬಲಿ: ‘ವಿಕರ್ ಮ್ಯಾನ್’, ‘ಕೆರೆಗೆ ಹಾರ’ ಮತ್ತು ಜನ್ನ

ಬ್ರಿಟಿಷ್ ಚಲನಚಿತ್ರ ‘ದಿ ವಿಕರ್ ಮ್ಯಾನ್’ 1973ರ ಡಿಸೆಂಬರಿನಲ್ಲಿ ತೆರೆಕಂಡಾಗ ಅದಕ್ಕೆ ದೊರೆತದ್ದು ಎರಡನೆಯ ಪಂಕ್ತಿ. ನಿರ್ಮಾಪಕ ಸಂಸ್ಥೆಯು ಅದನ್ನು ಕತ್ತರಿಸಿ, ಬೇರೊಂದು ಚಿತ್ರದ ಬಾಲಕ್ಕೆ ಕಟ್ಟಿ ಬಿಡುಗಡೆ ಮಾಡಿತು. ರಾಬಿನ್ ಹಾರ್ಡಿ ನಿರ್ದೇಶಿಸಿದ, ಆಂಥೊನಿ ಶಾಫರ್ ಚಿತ್ರಕಥೆ ಬರೆದ ಆ ಚಿತ್ರವೇ ಇಂದು ‘ಫೋಕ್ ಹಾರರ್’ ಎಂಬ ಪ್ರಕಾರದ ಆದರ್ಶವೆನಿಸಿದೆ. 2013ರಲ್ಲಿ ಅದರ ಜೀರ್ಣೋದ್ಧಾರಗೊಂಡ ಆವೃತ್ತಿ ಮತ್ತೆ ತೆರೆಗೆ ಬಂದಿತು. ಈಗ ನಮ್ಮ ವಿದ್ಯಾರ್ಥಿಗಳೂ ಅದನ್ನು ನೋಡುತ್ತಾರೆ, ಅದರ ಮೇಲೆ ಪ್ರಬಂಧ ಬರೆಯುತ್ತಾರೆ. ಇದು ಸಂತೋಷದ ವಿಷಯವೇ. ಆದರೆ ಅದರೊಡನೆ ಕೇಳಿಬರುವ ಮತ್ತೊಂದು ಮಾತನ್ನು ನಾನು ಒಪ್ಪಲಾರೆ: ಈ ಬಗೆಯ ಭೀತಿ ಕನ್ನಡಕ್ಕೆ ಹೊಸದು, ಅದು 2022ರ ‘ಕಾಂತಾರ’ದಿಂದ ನಮ್ಮಲ್ಲಿಗೆ ಬಂದಿತು ಎಂಬ ಮಾತು. ಎಂಟುನೂರು ವರ್ಷಗಳಿಂದ ನಮ್ಮ ಕೈಯಲ್ಲಿರುವುದನ್ನು ಹೊಸದೆನ್ನುವುದಕ್ಕೆ ಕಾರಣ ನಮ್ಮ ಓದಿನಲ್ಲಿದೆ. ಆ ಓದನ್ನು ಪ್ರಶ್ನಿಸುವುದು ಈ ಲೇಖನದ ಉದ್ದೇಶ.

ಮೊದಲು ಆ ಚಿತ್ರದ ಆಕರ್ಷಣೆ ಎಲ್ಲಿದೆಯೆಂದು ನೋಡೋಣ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಸಮ್ಮರೈಲ್ ಎಂಬ ಕಲ್ಪಿತ ದ್ವೀಪ. ರೋವನ್ ಎಂಬ ಬಾಲಕಿ ಕಾಣೆಯಾಗಿದ್ದಾಳೆಂಬ ಪತ್ರವನ್ನು ನಂಬಿ ಹೋವಿ ಎಂಬ ಪೋಲಿಸ್ ಅಧಿಕಾರಿ ಅಲ್ಲಿಗೆ ಬರುತ್ತಾನೆ. ಅವನು ನಿಷ್ಠಾವಂತ ಕ್ರೈಸ್ತ. ದ್ವೀಪದವರು ಹಳೆಯ ದೇವತೆಗಳ ಆರಾಧಕರು. ಹುಡುಗಿಯ ತಾಯಿಯೇ ಅವಳನ್ನು ಅರಿಯೆನೆನ್ನುತ್ತಾಳೆ. ಮೇ ತಿಂಗಳ ಮೊದಲ ದಿನದ ಹಬ್ಬಕ್ಕೆ ಆ ಹುಡುಗಿಯನ್ನು ಬಲಿಕೊಡುವರೆಂದು ಹೋವಿ ಶಂಕಿಸುತ್ತಾನೆ. ಕೊನೆಗೆ ತಿಳಿಯುವುದು ಬೇರೆ. ಹಿಂದಿನ ವರ್ಷ ಸೇಬಿನ ಬೆಳೆ ಕೈಕೊಟ್ಟಿತ್ತು, ಹುಡುಗಿ ಬರಿಯ ಬಲೆ, ಬಲಿ ಇವನೇ. ಕಡ್ಡಿಗಳಿಂದ ಹೆಣೆದ ದೈತ್ಯಾಕಾರದ ಮನುಷ್ಯಬೊಂಬೆಯೊಳಗೆ ಅವನನ್ನಿಟ್ಟು ಬೆಂಕಿಯಿಡುತ್ತಾರೆ. ಊರವರು ಸುತ್ತ ನಿಂತು ವಸಂತದ ಹಾಡು ಹಾಡುತ್ತಾರೆ.

ಇಲ್ಲಿ ಮೂರು ಅಂಶಗಳು ಗಮನಾರ್ಹ. ಒಂದು, ಚಿತ್ರದಲ್ಲಿ ದೆವ್ವವಿಲ್ಲ, ಪವಾಡವಿಲ್ಲ. ಮನುಷ್ಯರು ಮಾಡಲಾಗದ ಯಾವುದೂ ನಡೆಯುವುದಿಲ್ಲ. ಎರಡು, ಕೊಲ್ಲುವವರು ಕ್ರೂರಿಗಳಂತೆ ಕಾಣುವುದಿಲ್ಲ. ಅವರು ಅಂಗಡಿಯವರು, ಶಾಲೆಯ ಶಿಕ್ಷಕಿ, ನೆರೆಹೊರೆಯವರು, ಹಬ್ಬದ ಸಂಭ್ರಮದಲ್ಲಿರುವವರು. ಮೂರು, ಈ ‘ಪುರಾತನ’ ಆರಾಧನೆ ಪುರಾತನವೇ ಅಲ್ಲ. ದ್ವೀಪದ ಒಡೆಯನೇ ಹೇಳುವಂತೆ, ಅವನ ಅಜ್ಜನು 1868ರಲ್ಲಿ ದ್ವೀಪವನ್ನು ಕೊಂಡು, ಹೊಸ ತಳಿಯ ಹಣ್ಣು ಬೆಳೆಯಲು ಜನರನ್ನು ಹುರಿದುಂಬಿಸುವುದಕ್ಕಾಗಿ ಹಳೆಯ ದೇವತೆಗಳನ್ನು ಮರಳಿ ತಂದನು. ಭೂಮಿಯ ಒಡೆಯನಿಗೆ ಬೆಳೆ ಬೇಕು, ಅದಕ್ಕಾಗಿ ಭಕ್ತಿ ಬೇಕು, ಬೆಳೆ ಕೈಕೊಟ್ಟಾಗ ಒಂದು ಜೀವ ಬೇಕು. ಈ ಲೆಕ್ಕವೇ ನೋಡುವವನನ್ನು ಹೆದರಿಸುತ್ತದೆ. ದೈವದ ಆವೇಶ ತೆರೆಯ ಮೇಲೆ ಬಂದಿತೆಂಬ ಮಾತ್ರಕ್ಕೆ ‘ಕಾಂತಾರ’ವನ್ನು ಇದರ ಸಾಲಿಗೆ ಸೇರಿಸುವವರು ಮರೆಯುವ ಅಂಶವೂ ಇದೇ. ಅಲ್ಲಿ ದೈವವು ಒಡೆಯನ ವಿರುದ್ಧ ಊರಿನ ಪಕ್ಷದಲ್ಲಿ ನಿಲ್ಲುತ್ತದೆ. ಇಲ್ಲಿ ಒಡೆಯ, ದೈವ, ಊರು ಮೂರೂ ಒಂದೇ ಪಕ್ಷ.

ಈಗ ನಮ್ಮ ಕಡೆಗೆ ಬರೋಣ. ತಡಸದ ಸುತ್ತಣ ಶಿಗ್ಗಾವಿ, ಹಾನಗಲ್ಲ, ಸವಣೂರು, ಹಿರೇಕೆರೂರು ಸೀಮೆ ಕೆರೆಗಳನ್ನು ನಂಬಿ ಬಾಳಿದ ಸೀಮೆ. ಹಿರೇಕೆರೂರಿನ ಹೆಸರಿನಲ್ಲೇ ಕೆರೆಯಿದೆ. ಇಂಥ ಸೀಮೆಯ ವಿದ್ಯಾರ್ಥಿಗೆ ‘ಕೆರೆಗೆ ಹಾರ’ ಎಂಬ ಕಥನಗೀತೆಯ ಭೀತಿಯನ್ನು ಯಾರೂ ವಿವರಿಸಬೇಕಾಗಿಲ್ಲ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬೀಳುವುದಿಲ್ಲ. ಸೊಸೆಯೊಬ್ಬಳನ್ನು ಕೊಡಬೇಕೆಂದು ಹೊತ್ತಿಗೆ ನೋಡಿದವರು ಹೇಳುತ್ತಾರೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲ. ಹೀಗೆ ಒಬ್ಬೊಬ್ಬರನ್ನೂ ಲೆಕ್ಕ ಹಾಕಿ, ಉಳಿದ ಕಿರಿಯಳಾದ ಭಾಗೀರಥಿಯನ್ನು ಆರಿಸುತ್ತಾರೆ. ಅವಳ ಗಂಡ ದಂಡಿನಲ್ಲಿದ್ದಾನೆ. ಮನೆಮಂದಿಯೆಲ್ಲ ಕೆರೆಗೆ ಹೋಗಿ, ಗಂಗೆಯನ್ನು ಪೂಜಿಸಿ, ಉಂಡು, ಹಿಂದಿರುಗುವಾಗ ಬಂಗಾರದ ಬಟ್ಟಲನ್ನು ಬೇಕೆಂದೇ ಮರೆತು ಬರುತ್ತಾರೆ. ಅದನ್ನು ತರಲು ಹೋದವಳ ಸುತ್ತ ನೀರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ.

ಆ ಬಟ್ಟಲಿಗೂ ಸಮ್ಮರೈಲಿನಿಂದ ಬಂದ ಪತ್ರಕ್ಕೂ ಏನು ವ್ಯತ್ಯಾಸ? ಎರಡೂ ಕಡೆ ಬಲಾತ್ಕಾರಕ್ಕಿಂತ ಮೊದಲು ಬರುವುದು ವಂಚನೆ. ಎರಡೂ ಕಡೆ ಒಡೆಯನೊಬ್ಬನಿದ್ದಾನೆ. ಎರಡೂ ಕಡೆ ಬಲಿಯಾಗುವುದು ಹೊರಗಿನಿಂದ ಬಂದ ಜೀವ. ಸೊಸೆಯೆಂದರೆ ಬೇರೆ ಮನೆಯಿಂದ ಬಂದವಳು ತಾನೆ. ಎರಡೂ ಕಡೆ ಊರು ಸುಳ್ಳು ಹೇಳುತ್ತದೆ: ದಂಡಿನಿಂದ ಓಡಿಬಂದ ಮಾದೇವರಾಯ ಹೆಂಡತಿಯೆಲ್ಲಿ ಎಂದು ಕೇಳಿದರೆ ಮನೆಯವರು ಅವಳು ತವರಿಗೆ ಹೋದಳೆನ್ನುತ್ತಾರೆ. ಹೀಗಿದ್ದೂ ನಮ್ಮ ತರಗತಿಗಳಲ್ಲಿ ಈ ಗೀತೆಯನ್ನು ವಿವರಿಸುವ ಪದ ‘ತ್ಯಾಗ’. ಲೋಕಹಿತಕ್ಕಾಗಿ ಹೆಣ್ಣೊಬ್ಬಳು ಮಾಡಿದ ಆತ್ಮಾರ್ಪಣೆ! ಕೊಟ್ಟವರು ಬೇರೆ, ಹೋದವಳು ಬೇರೆ ಎಂಬುದನ್ನು ಗೀತೆಯೇ ಸ್ಪಷ್ಟವಾಗಿ ಹೇಳುತ್ತಿರುವಾಗ ಈ ಪದವನ್ನು ಬಳಸುವುದು ಮಲ್ಲನಗೌಡನ ವಕಾಲತ್ತು ವಹಿಸಿದಂತೆಯೇ. ಜನಪದ ಕವಿ ಹಾಗೆ ಮಾಡಲಿಲ್ಲ. ಗಂಡನೂ ಆ ಕೆರೆಗೇ ಹಾರಿದನೆಂದು ಹೇಳಿ, ತುಂಬಿದ ಕೆರೆಯ ಸಂಭ್ರಮವನ್ನು ಮುರಿದು ಗೀತೆಯನ್ನು ಮುಗಿಸಿದ್ದಾನೆ.

ಜನ್ನನಿಗೆ ನಾವು ಮಾಡಿರುವ ಅನ್ಯಾಯ ಇನ್ನೊಂದು ಬಗೆಯದು. 1209ರ ‘ಯಶೋಧರ ಚರಿತೆ’ ಎಂದೊಡನೆ ಅಮೃತಮತಿ ಮತ್ತು ಅಷ್ಟಾವಂಕರ ಪ್ರಸಂಗ ನೆನಪಾಗುತ್ತದೆ. ಚರ್ಚೆ ದಾಂಪತ್ಯ, ಕಾಮ, ಮನಸ್ಸಿನ ವೈಚಿತ್ರ್ಯಗಳಲ್ಲಿ ಮುಗಿಯುತ್ತದೆ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ವೂ ಆ ಪ್ರಸಂಗವನ್ನೇ ಆಯ್ದುಕೊಂಡಿತು. ನಾಟಕಕಾರನಿಗೆ ಆ ಸ್ವಾತಂತ್ರ್ಯವಿದೆ. ವಿಮರ್ಶಕನಿಗೆ ಕಾವ್ಯದ ಬಾಗಿಲನ್ನೇ ಮರೆಯುವ ಸ್ವಾತಂತ್ರ್ಯವಿಲ್ಲ. ಆ ಬಾಗಿಲು ಚಂಡಮಾರಿಯ ಗುಡಿ. ಮಾರಿದತ್ತನ ರಾಜಪುರದಲ್ಲಿ ಜಾತ್ರೆ. ಜೀವರಾಶಿಯ ಜೊತೆಗೆ ಒಂದು ಮನುಷ್ಯ ಜೋಡಿಯೂ ಬಲಿಗೆ ಬೇಕು. ಭಿಕ್ಷೆಗೆಂದು ಹೊರಟ ಅಭಯರುಚಿ, ಅಭಯಮತಿ ಎಂಬ ಎಳೆಯರನ್ನು ಹಿಡಿದು ತರುತ್ತಾರೆ. ಅವರೂ ಹೊರಗಿನವರೇ. ಇಲ್ಲಿ ಜನ್ನ ವಸಂತವನ್ನು ವರ್ಣಿಸುವ ರೀತಿಯನ್ನು ನೋಡಿ: ವಸಂತನೇ ಶಿಶಿರನನ್ನು ಹರಕೆಯ ಬಲಿಯಾಗಿ ಹಿಡಿದು ಕಡಿದಂತೆ, ಉದುರಿದ ಮುತ್ತುಗದ ಮೊಗ್ಗುಗಳು ಕೊಚ್ಚಿದ ಮಾಂಸದಂತೆ. ಹೂವಿನ ಕಾಲದ ಚೆಲುವಿನೊಳಗೇ ಕೊಲೆಯನ್ನು ಕಂಡ ಈ ಕಣ್ಣಿಗೂ, ವಸಂತಗೀತೆಯ ನಡುವೆ ಮನುಷ್ಯನನ್ನು ಸುಟ್ಟು ತೋರಿಸಿದ ಚಿತ್ರಕ್ಕೂ ಇರುವ ನೆಂಟಸ್ತಿಕೆಯನ್ನು ಗುರುತಿಸಲು ಪಾಶ್ಚಾತ್ಯ ಸಿದ್ಧಾಂತವೇನೂ ಬೇಕಿಲ್ಲ.

ಇದು ಜೈನ ಕವಿಯೊಬ್ಬ ಗ್ರಾಮದೇವತೆಯ ಮೇಲೆ ಹೊರಿಸಿದ ಅಪವಾದವಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಹೆಣೆದ ಬೊಂಬೆಯಲ್ಲಿ ಮನುಷ್ಯರನ್ನು ಸುಡುವ ಸಂಗತಿಯೂ ಜೂಲಿಯಸ್ ಸೀಸರನ ಬರವಣಿಗೆಯಿಂದ ಬಂದದ್ದು. ಅದು ಗೆದ್ದವನು ಗೆಲ್ಲಲ್ಪಟ್ಟವರ ಕುರಿತು ಹೇಳಿದ ಮಾತು. ಆದರೆ ಜನ್ನ ದೋಷವನ್ನು ಅನ್ಯರ ಗುಡಿಯಲ್ಲೇ ಬಿಟ್ಟು ಬರುವುದಿಲ್ಲ. ಕಾವ್ಯದ ಮುಖ್ಯ ಅಪರಾಧಿ ಕೊಲೆಗೆ ಅಂಜಿದ ಯಶೋಧರ. ಪ್ರಾಣಿಬಲಿ ಬೇಡವೆಂದು ತಾಯಿಯೊಡನೆ ವಾದಿಸಿ, ಹಿಟ್ಟಿನ ಕೋಳಿಗೆ ಒಪ್ಪಿ, ಅದನ್ನು ಕಡಿದವನು. ಬೊಂಬೆಯಲ್ಲಿ ಬೆಂತರ ಹೊಕ್ಕು ಅದು ಕೂಗಿತು. ಕೈ ಕಡಿದದ್ದು ಹಿಟ್ಟನ್ನು, ಮನಸ್ಸು ಕಡಿದದ್ದು ಜೀವವನ್ನು. ಆ ಸಂಕಲ್ಪಕ್ಕಾಗಿಯೇ ತಾಯಿಮಗ ಭವಭವಗಳಲ್ಲಿ ಪ್ರಾಣಿಗಳಾಗಿ ನೊಂದರು. ‘ನಾನು ಕೊಲ್ಲಲಿಲ್ಲ, ಸಂಪ್ರದಾಯಕ್ಕೆ ತಲೆಬಾಗಿದೆ ಅಷ್ಟೆ’ ಎನ್ನುವ ಸಜ್ಜನನನ್ನು ಜನ್ನ ಬಿಡುವುದಿಲ್ಲ. ಹಾರ್ಡಿಯ ಚಿತ್ರವೂ ಇಷ್ಟು ದೂರ ಹೋಗಲಿಲ್ಲ.

ಈ ಪ್ರಶ್ನೆ ಹಳತಾಗಿಲ್ಲ. ತಡಸದಿಂದ ಮುಂಡಗೋಡದ ದಾರಿ ಹಿಡಿದರೆ ಸಿಗುವ ಶಿರಸಿಯಲ್ಲಿ, ಮಾರಿಕಾಂಬೆಯ ಜಾತ್ರೆಯ ಕೋಣನ ಬಲಿ 1930ರ ದಶಕದಲ್ಲಿ ನಿಂತಿತು. ಪ್ರಾಣಿಬಲಿ ತಡೆಯುವ ಕಾನೂನು ರಾಜ್ಯದಲ್ಲಿ 1959ರಿಂದ ಇದೆ. ಇಂದು ಹಲವೆಡೆ ಕುಂಬಳಕಾಯಿಗೆ ಕುಂಕುಮ ಸವರಿ ಒಡೆಯುತ್ತಾರೆ. ಒಂದು ಪ್ರಾಣ ಉಳಿಯಿತೆಂಬುದು ದೊಡ್ಡ ಲಾಭ, ಅದನ್ನು ಹಗುರವಾಗಿ ಕಾಣಬಾರದು. ಆದರೂ ಕೈಯಲ್ಲಿರುವ ವಸ್ತು ಬದಲಾದರೆ ಸಾಕೇ, ಸಂಕಲ್ಪವೂ ಬದಲಾಗಬೇಡವೇ ಎಂಬ ಜನ್ನನ ಪ್ರಶ್ನೆಗೆ ಕಾನೂನು ಉತ್ತರ ಕೊಡಲಾರದು.

ಎರಡು ಕೃತಿಗಳ ಅಂತ್ಯವನ್ನು ಹೋಲಿಸಿ. ಮುಂದಿನ ವರ್ಷವೂ ಬೆಳೆ ಬಾರದಿದ್ದರೆ ಜನರು ನಿನ್ನನ್ನೇ ಕೇಳುವರೆಂದು ಹೋವಿ ಒಡೆಯನಿಗೆ ಹೇಳುತ್ತಾನೆ. ಒಡೆಯ ಒಂದು ಕ್ಷಣ ಅಳುಕಿದರೂ ಬೆಂಕಿ ಆರುವುದಿಲ್ಲ. ಮಾರಿದತ್ತನೋ, ಕತ್ತಿ ಹಿರಿದವನು, ಎಳೆಯರ ನಿರ್ಭಯವನ್ನು ಕಂಡು ಬೆರಗಾಗಿ, ನೀವು ಯಾರೆಂದು ಕೇಳುತ್ತಾನೆ. ಅವರ ಕಥೆ ಕೇಳಿ ಬಲಿಯನ್ನು ತೊರೆಯುತ್ತಾನೆ. ಬಲಿಯಾಗಲಿರುವವನ ಕಥೆಯನ್ನು ಪೂರ್ತಿ ಕೇಳಿದರೆ ಕತ್ತಿ ಇಳಿಯುತ್ತದೆ ಎಂಬ ನಂಬಿಕೆಯ ಮೇಲೆ ಆ ಕಾವ್ಯದ ರಚನೆಯೇ ನಿಂತಿದೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ ಪಾಠ ಬೇರೆಯಿಲ್ಲ. ‘ವಿಕರ್ ಮ್ಯಾನ್’ ಅವಶ್ಯವಾಗಿ ನೋಡಿ. ನೋಡಿದ ಮೇಲೆ ಜನ್ನನ ಮೊದಲ ಅವತಾರವನ್ನು ಓದಿ. ‘ಕೆರೆಗೆ ಹಾರ’ವನ್ನು ಪಾಠ ಹೇಳುವ ದಿನ ಬಂದಾಗ, ತ್ಯಾಗವೆಂಬ ಪದವನ್ನು ಪಕ್ಕಕ್ಕಿಟ್ಟು, ಭಾಗೀರಥಿಯನ್ನು ಯಾರಾದರೂ ಕೇಳಿದ್ದರೇ ಎಂಬ ಪ್ರಶ್ನೆಯಿಂದ ತರಗತಿಯನ್ನು ಆರಂಭಿಸಿ.